ಅನುದಾನಕ್ಕೆ ಮುನ್ನ

ವಸ್ತುಸಂಗ್ರಹಾಲಯವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಅರಸರ ಕತ್ತಿ, ಗುರಾಣಿ, ಚಿನ್ನದ ನಾಣ್ಯ, ಮೂಗು ಮುರಿದ ವಿಗ್ರಹ. ಅವುಗಳ ಮುಂದೆ ಗಾಜು, ಗಾಜಿನ ಮುಂದೆ ಒಂದು ಚೀಟಿ, ಮೂಲೆಯಲ್ಲಿ ಸ್ಟೂಲಿನ ಮೇಲೆ ತೂಕಡಿಸುವ ಜವಾನ. ಈ ಹೊತ್ತು ನಾನು ಹೇಳಹೊರಟಿರುವುದು ಅರಮನೆಯ ವಸ್ತುಗಳ ಮಾತನ್ನಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸ, ಈ ಮೂರು ಸೀಮೆಯ ಕಾಫಿ ಕಾಡಿನಲ್ಲಿ ದುಡಿದ ಜನ ಸೊಂಟಕ್ಕೆ ಕಟ್ಟಿಕೊಂಡ ಕುಕ್ಕೆ, ರೆಂಬೆ ಬಗ್ಗಿಸಿದ ಕೊಕ್ಕೆ, ಮಳೆಗೆ ಹೊದ್ದ ಗೊರಬು, ಇವುಗಳ ಮಾತು. ಇವನ್ನು ಉಳಿಸಿಕೊಳ್ಳಲು ಬೇಕಾದ ಹಣದ ಮಾತು. ಆ ಹಣಕ್ಕಿಂತ ಮುಂಚೆ ಬೇಕಾದ ಇನ್ನೊಂದರ ಮಾತು.

ಸರ್ಕಾರ ಇಂಥ ಕಾರ್ಯಗಳಿಗೆ ಕೊಡುವ ಹಣಕ್ಕೆ ಅನುದಾನ ಎಂದು ಹೆಸರು. ಪಂಡಿತ ಪರೀಕ್ಷೆಗೆ ಓದಿದವನಾದ್ದರಿಂದ ಶಬ್ದದ ಬಾಲ ಹಿಡಿದು ಹೋಗುವ ಚಟ ನನಗಿನ್ನೂ ಬಿಟ್ಟಿಲ್ಲ. ಅನುಜನೆಂದರೆ ಹಿಂದೆ ಹುಟ್ಟಿದವನು. ಅನುಚರನೆಂದರೆ ಹಿಂದೆ ನಡೆಯುವವನು. ಹಾಗೆ ನೋಡಿದರೆ ಅನುದಾನವೆಂದರೆ ಹಿಂದೆ ಬರುವ ದಾನ ಎಂದಾಗುತ್ತದೆ. ಹಿಂದೆ ಬರಬೇಕಾದರೆ ಮುಂದೆ ಯಾರಾದರೂ ನಡೆದಿರಬೇಕಷ್ಟೆ. ನಿಘಂಟುಕಾರರು ಈ ಅರ್ಥವನ್ನು ಒಪ್ಪುವರೋ ಇಲ್ಲವೋ, ನನ್ನ ಅನುಭವವಂತೂ ಒಪ್ಪಿದೆ. ನಮ್ಮ ಕಾಫಿ ಸೀಮೆಯಲ್ಲಿ ಹಣಕ್ಕೆ ಸಂಬಂಧಿಸಿದ ಹಳೆಯ ಶಬ್ದ ಬೇರೆ, ಅದು ಮುಂಗಡ. ಮೇಸ್ತ್ರಿ ಊರಿಗೆ ಹೋಗಿ ಮುಂಗಡ ಕೊಟ್ಟರೆ ಆಳು ಬಂದ, ಇಲ್ಲದಿದ್ದರೆ ಇಲ್ಲ. ಆ ರೂಢಿ ನಮ್ಮ ರಕ್ತದಲ್ಲಿ ಸೇರಿಹೋಗಿದೆಯೋ ಏನೋ, ಅನುದಾನವನ್ನೂ ನಾವು ಮುಂಗಡವೆಂದೇ ತಿಳಿಯುತ್ತೇವೆ. ಮೊದಲು ಹಣ ಬರಲಿ, ಆಮೇಲೆ ಕೆಲಸಕ್ಕೆ ಕೈ ಹಚ್ಚೋಣ ಎನ್ನುತ್ತೇವೆ. ನಾನೂ ಹಾಗೆ ಎಂದವನೇ.

ಕೆಲವು ವರ್ಷಗಳ ಹಿಂದೆ ನಮ್ಮ ಪ್ರೌಢಶಾಲೆಯ ಮಕ್ಕಳಿಗೆ, ನಿಮ್ಮ ಮನೆಯಲ್ಲಿ ಈಗ ಉಪಯೋಗಿಸದೆ ಬಿದ್ದಿರುವ ಹಳೆಯ ವಸ್ತುವೊಂದನ್ನು ತನ್ನಿ ಎಂದು ಹೇಳಿದೆ. ಪಾಠದಲ್ಲಿ ಬಂದ ಹಳೆಯ ಶಬ್ದಗಳನ್ನು ಕಣ್ಣಿಗೆ ತೋರಿಸಬೇಕೆಂಬುದಷ್ಟೇ ನನ್ನ ಉದ್ದೇಶ. ಮಕ್ಕಳ ಉತ್ಸಾಹ ನಿಮಗೆ ಗೊತ್ತೇ ಇದೆ. ಒಂದು ತಿಂಗಳಲ್ಲಿ ತರಗತಿಯ ಹಿಂದಿನ ಚಿಕ್ಕ ಕೊಠಡಿ ತುಂಬಿಹೋಯಿತು. ಚೆನ್ನೆಮಣೆ, ಅಳತೆಯ ಸೇರು, ಹಾಳೆಯ ಟೋಪಿ, ಎಲೆಯ ಗೊರಬು, ಕೈಯಲ್ಲಿ ತಿರುಗಿಸುವ ತುಕ್ಕು ಹಿಡಿದ ಪಲ್ಪರು, ಹುಳು ತಿಂದ ಒಂದು ಚೆಕ್‌ರೋಲು ಪುಸ್ತಕ. ಹಣ್ಣು ಕೊಯ್ಯುವ ಕುಕ್ಕೆಗಳೇ ಹನ್ನೊಂದು. ಇದೇ ಒಂದು ವಸ್ತುಸಂಗ್ರಹಾಲಯವಾಯಿತಲ್ಲ ಎಂದು ನಾವು ಅಧ್ಯಾಪಕರೆಲ್ಲ ಹಿಗ್ಗಿದೆವು. ವಾರ್ಷಿಕೋತ್ಸವದ ದಿನ ಚಂದ ಕಾಣಲೆಂದು ಕುಕ್ಕೆಗಳನ್ನೆಲ್ಲ ತೊಳೆಸಿ, ಮುರಿದ ಬಾಯಂಚಿಗೆ ಹೊಸ ಬೆತ್ತ ಸುತ್ತಿಸಿ, ಮೇಲೆ ವಾರ್ನಿಷ್ ಬಳಿಸಿದೆ. ಬಂದವರೆಲ್ಲ ಹೊಗಳಿದರು. ಆ ಉಮೇದಿನಲ್ಲೇ ಒಂದು ಕಟ್ಟಡ, ನಾಲ್ಕು ಗಾಜಿನ ಬೀರು, ಒಬ್ಬ ಕಾವಲುಗಾರ, ಇಷ್ಟಕ್ಕೆ ಅನುದಾನ ಬೇಕೆಂದು ಒಂದು ಕಚೇರಿಗೆ ಅರ್ಜಿ ಬರೆದೆವು.

ಅರ್ಜಿ ಹಿಂದಕ್ಕೆ ಬಂತು. ಜೊತೆಗೊಂದು ಪ್ರಶ್ನೆಗಳ ಹಾಳೆ. ಒಟ್ಟು ವಸ್ತುಗಳೆಷ್ಟು? ಪ್ರತಿಯೊಂದೂ ಯಾವಾಗ, ಯಾರಿಂದ ಬಂದದ್ದು? ಕೊಟ್ಟವರು ಕೊಟ್ಟೆವೆಂದು ಬರೆದುಕೊಟ್ಟಿರುವರೇ? ವಸ್ತುಗಳ ದಾಖಲೆ ಪುಸ್ತಕದ ಪ್ರತಿಯನ್ನು ಲಗತ್ತಿಸಿ. ನನಗೆ ಕೋಪ ಬಂತು. ಮಕ್ಕಳು ಪ್ರೀತಿಯಿಂದ ಹೊತ್ತು ತಂದದ್ದಕ್ಕೆ ರಶೀದಿ ಕೇಳುತ್ತಾರಲ್ಲ ಎಂದು ಅಧ್ಯಾಪಕರ ಕೊಠಡಿಯಲ್ಲಿ ಒಂದು ದೊಡ್ಡ ಭಾಷಣವನ್ನೇ ಮಾಡಿದೆ.

ಆ ಕೋಪ ಇಳಿಸಿದವರು ಅಧಿಕಾರಿಗಳಲ್ಲ. ಮುಂದಿನ ಮಳೆಗಾಲ ಕಳೆದ ಮೇಲೆ ಒಂದು ಸಂಜೆ ಹಿರಿಯ ಹೆಂಗಸೊಬ್ಬರು ಶಾಲೆಗೆ ಬಂದರು. ತೋಟದ ಸಾಲುಮನೆಯವರು, ಅವರ ಮೊಮ್ಮಗ ನಮ್ಮಲ್ಲಿ ಓದಿ ಬೆಂಗಳೂರು ಸೇರಿದ್ದ. ತಾಯಿಯ ಕುಕ್ಕೆಯನ್ನು ಮೊಮ್ಮಗ ಶಾಲೆಗೆ ಕೊಟ್ಟಿದ್ದನಂತೆ, ಒಮ್ಮೆ ನೋಡಿ ಹೋಗೋಣವೆಂದು ಬಂದೆ ಎಂದರು. ಅದು ಅವರ ತಂದೆ ಹೆಣೆದುಕೊಟ್ಟ ಕುಕ್ಕೆ. ಅದನ್ನು ಕಟ್ಟಿಕೊಂಡು ಅವರ ತಾಯಿ ಮೂವತ್ತು ಕೊಯ್ಲು ಮಾಡಿದ್ದರಂತೆ. ನಾನು ಕೊಠಡಿಯ ಬಾಗಿಲು ತೆರೆದೆ. ಹನ್ನೊಂದು ಕುಕ್ಕೆಗಳೂ ಸಾಲಾಗಿ ಕುಳಿತಿದ್ದವು, ಒಂದೇ ಬಣ್ಣ, ಒಂದೇ ಹೊಳಪು. ಅವರು ಒಂದೊಂದನ್ನೇ ಎತ್ತಿ ಬಾಯಂಚಿನ ಮೇಲೆ ಬೆರಳಾಡಿಸಿದರು. ಆ ಅಂಚನ್ನೇ ನಾನು ಬದಲಾಯಿಸಿದ್ದೆ. ಕೊನೆಗೆ, ಯಾವುದಾದರೂ ಇರಲಿ ಬಿಡಿ ಮೇಷ್ಟ್ರೇ, ಇಲ್ಲೆಲ್ಲೋ ಇದೆಯಲ್ಲ, ಎಂದು ಹೇಳಿ ಹೊರಟುಹೋದರು. ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಕಚೇರಿಯವರು ಕೇಳಿದ್ದ ಪ್ರಶ್ನೆಗೂ ಆ ತಾಯಿ ಕೇಳಿದ ಪ್ರಶ್ನೆಗೂ ವ್ಯತ್ಯಾಸವಿರಲಿಲ್ಲ. ಇದು ಯಾರದು ಎಂಬುದೇ ಇಬ್ಬರ ಪ್ರಶ್ನೆ. ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಕಾಫಿಯ ಚರಿತ್ರೆ ನಮಗೆ ತಕ್ಕಮಟ್ಟಿಗೆ ತಿಳಿದಿದೆ. ಬಾಬಾಬುಡನ್ ಅವರು ಅರಬ್ಬೀ ದೇಶದಿಂದ ಏಳು ಬೀಜ ತಂದು ಈ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಇಲ್ಲಿನ ಚಿಕ್ಕ ಮಕ್ಕಳೂ ಹೇಳುತ್ತಾರೆ. ಬ್ರಿಟಿಷ್ ತೋಟಗಾರರು ತಮ್ಮ ಕಥೆಯನ್ನು ತಾವೇ ಬರೆದಿಟ್ಟುಕೊಂಡರು. ಮಂಜರಾಬಾದಿನ ಕಡೆ ತೋಟ ಮಾಡಿದ ರಾಬರ್ಟ್ ಎಲಿಯಟ್ ಎಂಬಾತನು 1871ರಲ್ಲೊಂದು, 1894ರಲ್ಲೊಂದು ಪುಸ್ತಕವನ್ನೇ ಪ್ರಕಟಿಸಿದನು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನೆಯ ಕೇಂದ್ರ ಹುಟ್ಟಿತು. 1942ರ ಕಾಫಿ ಕಾಯಿದೆಯ ಆಶ್ರಯದಲ್ಲಿ ಕಾಫಿ ಮಂಡಳಿ ಬೆಳೆಯಿತು. ಚಿಕ್ಕಮಗಳೂರಿನ ದಾಸರಹಳ್ಳಿಯ ಬಳಿ ಮಂಡಳಿಯವರೇ ನಡೆಸುವ ಕಾಫಿ ಯಾತ್ರೆ ಎಂಬ ವಸ್ತುಸಂಗ್ರಹಾಲಯಕ್ಕೆ ಹೋದರೆ ಬೀಜ ಬಟ್ಟಲಿಗೆ ಬರುವವರೆಗಿನ ಪಯಣವನ್ನು ಕ್ರಮವಾಗಿ ತಿಳಿಯಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ ನೋಡತಕ್ಕ ಸ್ಥಳ.

ಗಿಡದ ಯಾತ್ರೆಯನ್ನು ಹೇಳುವವರಿದ್ದಾರೆ, ಸಂತೋಷ. ಮನುಷ್ಯರ ಯಾತ್ರೆಯೊಂದಿದೆ. ಕೊಯ್ಲಿನ ಕಾಲಕ್ಕೆ ಚಾರ್ಮಾಡಿಯ ಘಾಟಿ ಹತ್ತಿ ಬಂದ ತುಳುವರು, ಬಯಲುಸೀಮೆಯಿಂದ ಬಂದವರು, ತಮಿಳು ನಾಡಿನಿಂದ ಬಂದು ಇಲ್ಲೇ ಬೇರೂರಿದವರು, ಇಲ್ಲಿಯದೇ ಹಳ್ಳಿಗಳ ಹೊಲೆಮನೆ, ಹಟ್ಟಿಗಳವರು. ಮರಗಸಿ ಮಾಡಿದವರು, ಗುಂಡಿ ತೆಗೆದವರು, ಚಿಗುರು ಕಿತ್ತವರು, ಕಣದಲ್ಲಿ ಬೀಜ ಹರವಿದವರು ಇವರು. ಅವರ ವಸತಿ, ಮಕ್ಕಳ ಪಾಲನೆ, ಔಷಧೋಪಚಾರಗಳ ಹೊಣೆ ತೋಟದವರದೆಂದು ಕಾಯಿದೆಯಾದದ್ದೇ 1951ರಲ್ಲಿ. ಅದಕ್ಕೆ ಹಿಂದಿನ ತಲೆಮಾರುಗಳು ಹೇಗೆ ಬಾಳಿದುವೆಂಬುದನ್ನು ಬರೆದಿಟ್ಟವರು ಕಡಮೆ. ಅವರ ಮೊಮ್ಮಕ್ಕಳು ಇಂದು ಓದಿ ಪಟ್ಟಣ ಸೇರುತ್ತಿದ್ದಾರೆ. ಸೇರಲಿ, ಅದು ನಾವು ಹಾರೈಸಿದ್ದೇ. ಸಾಲುಮನೆಗಳಿಗೆ ಈಗ ಅಸ್ಸಾಮು, ಬಿಹಾರ, ಜಾರ್ಖಂಡಿನ ಕಡೆಯಿಂದ ಹೊಸಬರು ಬರುತ್ತಿದ್ದಾರೆ. ಹಳಬರು ಮನೆ ಖಾಲಿ ಮಾಡುವಾಗ ಕುಕ್ಕೆ, ಗೊರಬುಗಳು ಒಲೆಗೆ ಹೋಗುತ್ತವೆ. ಅವುಗಳ ಹೆಸರು ಹೇಳಬಲ್ಲ ಅಜ್ಜಿಯರು ಇನ್ನೆಷ್ಟು ಮಳೆಗಾಲ ಕಾಣುವರು?

ಹೆಸರು ಬರೆದಿಡುವುದು ನಮ್ಮ ನಾಡಿಗೆ ಹೊಸ ವಿದ್ಯೆಯೇನೂ ಅಲ್ಲ. ಕಳಸದ ಸುತ್ತಮುತ್ತ ನಡೆದಾಡಿದರೆ ಶಾಸನಗಳು ಸಿಗುತ್ತವೆ. ದತ್ತಿ ಬಿಟ್ಟವರು ಯಾರು, ಯಾವ ದೇವರಿಗೆ, ಯಾವ ಭೂಮಿ, ಅದರ ಎಲ್ಲೆ ಯಾವುದು, ಸಾಕ್ಷಿ ಯಾರು ಎಂಬುದನ್ನೆಲ್ಲ ಕಲ್ಲಿನ ಮೇಲೆ ಕೊರೆಸುವುದು ಹಿಂದಿನವರ ಪದ್ಧತಿ. ಕಚೇರಿಯ ಆ ಪ್ರಶ್ನೆಗಳ ಹಾಳೆಗೂ ಶಾಸನಕ್ಕೂ ಎಷ್ಟು ಹೋಲಿಕೆ ನೋಡಿ! ಅರಸರದು ಮಾತ್ರವೆಂದೂ ಅಲ್ಲ. ದನ ಕಾಯುತ್ತ ಸತ್ತವನಿಗೆ, ಊರಿನ ಹೆಣ್ಣುಮಕ್ಕಳ ಮಾನ ಉಳಿಸುತ್ತ ಮಡಿದವನಿಗೆ ವೀರಗಲ್ಲು ನಿಲ್ಲಿಸಿ, ಹೆಸರು ಕೊರೆಸಿದ ನಾಡು ಇದು. ಆ ಕಲ್ಲುಗಳೆಲ್ಲ ಬಟ್ಟೆ ಒಗೆಯುವ ಬಂಡೆಗಳಾಗುವ ಮೊದಲೇ ಬಿ. ಎಲ್. ರೈಸ್ ಅವರು ಆಗ ಕಡೂರು ಜಿಲ್ಲೆಯೆಂದು ಕರೆಯುತ್ತಿದ್ದ ನಮ್ಮ ಜಿಲ್ಲೆಯ ಶಾಸನಗಳನ್ನು ಓದಿಸಿ, 1901ರಲ್ಲಿ ಕರ್ಣಾಟಕ ಶಾಸನ ಸಂಪುಟದ ಆರನೆಯ ಭಾಗವಾಗಿ ಅಚ್ಚು ಹಾಕಿಸಿದರು. ಕಲ್ಲು ಕಳೆದುಹೋದ ಕಡೆಯೂ ಇಂದು ಪಾಠ ಉಳಿದಿದೆ. ಬಿದಿರಿನ ಕುಕ್ಕೆಗೆ ಕಲ್ಲಿನ ಆಯುಸ್ಸಿಲ್ಲ. ಅದಕ್ಕಂತೂ ಬರವಣಿಗೆ ಇನ್ನೂ ಬೇಗ ಬೇಕು.

ಇನ್ನು ಹಣದ ಮಾತು. ಭಾರತ ಸರ್ಕಾರದ ಸಂಸ್ಕೃತಿ ಸಚಿವಾಲಯದಲ್ಲಿ ವಸ್ತುಸಂಗ್ರಹಾಲಯಗಳಿಗೆಂದೇ ಒಂದು ಅನುದಾನ ಯೋಜನೆಯಿದೆ. ರಾಜ್ಯ ಸರ್ಕಾರ, ಸ್ಥಳೀಯ ಸಂಸ್ಥೆಗಳಲ್ಲದೆ ನೋಂದಣಿಯಾದ ಸಂಘ, ಟ್ರಸ್ಟುಗಳೂ ಅರ್ಜಿ ಹಾಕಬಹುದು. ಹೊಸ ವಸ್ತುಸಂಗ್ರಹಾಲಯ ತೆರೆಯಲು, ಇದ್ದುದನ್ನು ಸುಧಾರಿಸಲು, ವಸ್ತುಗಳ ಚಿತ್ರ ತೆಗೆದು ಗಣಕಯಂತ್ರದಲ್ಲಿ ದಾಖಲಿಸಲು ನೆರವುಂಟು. ಆದರೆ ಪೂರ್ತಿ ವೆಚ್ಚ ಸಿಗುವುದಿಲ್ಲ. ಒಂದು ಪಾಲನ್ನು ಸಂಸ್ಥೆಯೇ ಹೊರಬೇಕು. ಸಂಸ್ಥೆ ಕೆಲವು ವರ್ಷ ನಡೆದಿರಬೇಕು, ಲೆಕ್ಕಪತ್ರ ತಪಾಸಣೆಯಾಗಿರಬೇಕು. ಇನ್ನೊಂದು ದಾರಿಯೂ ಇದೆ. 2013ರ ಕಂಪನಿಗಳ ಕಾಯಿದೆಯ ಪ್ರಕಾರ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜದ ಕೆಲಸಕ್ಕೆ ವಿನಿಯೋಗಿಸಬೇಕು. ಪರಂಪರೆ, ಕಲೆ, ಸಂಸ್ಕೃತಿಗಳ ರಕ್ಷಣೆಯೂ ಅಂಥ ಕೆಲಸಗಳ ಪಟ್ಟಿಯಲ್ಲಿ ಸೇರಿದೆ. ಹಣವೇ ಇಲ್ಲವೆನ್ನುವಂತಿಲ್ಲ. ಅದು ಬಂದು ನಿಲ್ಲಲು ನಮ್ಮಲ್ಲೊಂದು ಪಾತ್ರೆ ಇರಬೇಕು, ಅಷ್ಟೆ.

ಹಣ ಬಂದ ಮಾತ್ರಕ್ಕೆ ಕೆಲಸ ಮುಗಿಯಿತೆಂದೂ ತಿಳಿಯಬಾರದು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಆರಂಭವಾಯಿತು. ಕಲಾವಿದ ಪಿ. ಆರ್. ತಿಪ್ಪೇಸ್ವಾಮಿ, ಜೀ. ಶಂ. ಪರಮಶಿವಯ್ಯ ಮೊದಲಾದವರು ಹಳ್ಳಿಹಳ್ಳಿ ಅಲೆದು ತಂದ ತೊಗಲುಬೊಂಬೆ, ಸೋಮನ ಮುಖ, ನೇಗಿಲು, ಬುಟ್ಟಿಗಳು ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸವೆಂಬ ಅರಮನೆಯಲ್ಲಿ ಕುಳಿತುವು. ಸೇರು, ಸಿದ್ದೆಗೆ ಅರಮನೆಯ ಯೋಗ ಬಂತೆಂದು ಹಿರಿಯರು ಹಿಗ್ಗಿದ್ದು ಸಹಜ. ಆದರೆ ಆ ಕಟ್ಟಡ 1905ರದು. ಈ ಶತಮಾನದ ಮೊದಲ ವರ್ಷಗಳಲ್ಲಿ ಇನ್‌ಫೋಸಿಸ್ ಪ್ರತಿಷ್ಠಾನದ ಕೊಡುಗೆಯಿಂದ ದುರಸ್ತಿಯಾಯಿತು. ಎರಡು ದಶಕ ಕಳೆಯುವಷ್ಟರಲ್ಲಿ ಮತ್ತೆ ಶಿಥಿಲವಾಯಿತು. ಈಚೆಗೆ ಅಮೆರಿಕದ ರಾಯಭಾರಿಗಳ ಸಂಸ್ಕೃತಿ ರಕ್ಷಣೆಯ ನಿಧಿಯಿಂದ ಮತ್ತೊಮ್ಮೆ ನೆರವು ದೊರೆತಿದೆ. ಹೆಂಚು ಹೊದಿಸಲು ಅನುದಾನ ಸಿಗುತ್ತದೆ. ವರ್ಷವರ್ಷವೂ ಹೆಂಚು ತಿರುವಿ ಹಾಕುವವನ ಸಂಬಳಕ್ಕೆ ಸಿಗುವುದು ಕಷ್ಟ. ಘಟ್ಟದ ಅಂಚಿನಲ್ಲಿ ನೂರು ಅಂಗುಲ ಮೀರಿ ಮಳೆ ಸುರಿಯುವ ನಮ್ಮಂಥವರು ಈ ಮಾತನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಅಮೆರಿಕದ ಹೆಸರು ಬಂದದ್ದರಿಂದ ಅಲ್ಲಿನ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಆ ದೇಶದಲ್ಲಿ ಲ್ಯಾಟಿನೋ ಎಂಬ ಜನರಿದ್ದಾರೆ. ಮೆಕ್ಸಿಕೋ, ಪೋರ್ಟೊರಿಕೋ, ಕ್ಯೂಬಾ, ಮಧ್ಯ ಮತ್ತು ದಕ್ಷಿಣ ಅಮೆರಿಕದ ನಾಡುಗಳಲ್ಲಿ ಮೂಲವುಳ್ಳವರು. ಅಲ್ಲಿನ ಹೊಲ, ತೋಟಗಳಲ್ಲಿ ಹಣ್ಣು ಕೊಯ್ಯುವ ಕೈಗಳಲ್ಲಿ ಬಹುಪಾಲು ಇವರವೇ. ದೇಶದ ದೊಡ್ಡ ವಸ್ತುಸಂಗ್ರಹಾಲಯಗಳ ಸಮೂಹವಾದ ಸ್ಮಿತ್‌ಸೋನಿಯನ್ ಸಂಸ್ಥೆ ಈ ಜನರನ್ನು ಬೇಕೆಂದೇ ಕಡೆಗಣಿಸಿದೆಯೆಂದು 1994ರಲ್ಲಿ ಒಂದು ವರದಿ ಹೇಳಿತು. ಆ ವರದಿಯನ್ನು ಬರೆಸಿದ್ದು ಆ ಸಂಸ್ಥೆಯೇ! ಇಪ್ಪತ್ತಾರು ವರ್ಷ ಕಳೆದು, 2020ರ ಡಿಸೆಂಬರಿನಲ್ಲಿ, ಲ್ಯಾಟಿನೋ ಜನರ ಚರಿತ್ರೆ, ಸಂಸ್ಕೃತಿಗಳಿಗಾಗಿ ಒಂದು ರಾಷ್ಟ್ರೀಯ ವಸ್ತುಸಂಗ್ರಹಾಲಯ ಆಗಬೇಕೆಂದು ಕಾನೂನಾಯಿತು. ಕಟ್ಟಡದ ವೆಚ್ಚದಲ್ಲಿ ಅರ್ಧ ಸರ್ಕಾರದ್ದು, ಅರ್ಧ ಜನರ ದೇಣಿಗೆ. ನನಗೆ ಹಿಡಿಸಿದ್ದು ಆ ಕಾನೂನಿನ ಇನ್ನೊಂದು ಅಂಶ. ಕಟ್ಟಡಕ್ಕೆ ಕಾಯದೆ, ಈಗಾಗಲೇ ಊರೂರುಗಳಲ್ಲಿರುವ ಲ್ಯಾಟಿನೋ ವಸ್ತುಸಂಗ್ರಹಾಲಯಗಳಲ್ಲಿ ಕಾಲೇಜು ವಿದ್ಯಾರ್ಥಿಗಳು ಕೆಲಸ ಕಲಿಯಲೆಂದು ಅನುದಾನ ಕೊಡುವ ಏರ್ಪಾಡನ್ನು ಅದರಲ್ಲೇ ಸೇರಿಸಿದರು. ಗೋಡೆ ಏಳುವ ಮೊದಲೇ ಮನುಷ್ಯರನ್ನು ತಯಾರು ಮಾಡುವ ಆಲೋಚನೆ ಅದು.

ಊರೂರುಗಳಲ್ಲಿರುವ ಅಂಥವು ಹುಟ್ಟಿದ ಬಗೆ ಯಾವುದು? ನ್ಯೂಯಾರ್ಕಿನಲ್ಲಿ ಎಲ್ ಮ್ಯೂಸಿಯೊ ದೆಲ್ ಬಾರಿಯೊ ಎಂಬುದೊಂದಿದೆ. ಕೇರಿಯ ವಸ್ತುಸಂಗ್ರಹಾಲಯ ಎಂದು ಅದರ ಅರ್ಥ. ಇಂದು ಹೆಸರಾದ ಸಂಸ್ಥೆ. 1969ರಲ್ಲಿ ಪೋರ್ಟೊರಿಕೋ ಮೂಲದ ತಂದೆತಾಯಿಗಳೂ ಅಧ್ಯಾಪಕರೂ ಕಲಾವಿದರೂ ಕೂಡಿ ಅದನ್ನು ಆರಂಭಿಸಿದ್ದು ಒಂದು ಶಾಲೆಯ ಕೊಠಡಿಯಲ್ಲಿ. ಇದನ್ನು ಓದಿದ ದಿನ ನಮ್ಮ ತರಗತಿಯ ಹಿಂದಿನ ಕೊಠಡಿಯ ಬೀಗ ತೆರೆಯುವಾಗ ನನಗೆ ಕೊಂಚ ಧೈರ್ಯ ಬಂತು.

ಆ ಕೊಠಡಿಯಲ್ಲಿ ಈಗ ಒಂದು ಪುಸ್ತಕವಿದೆ. ಉದ್ದ ರೂಲಿನ, ಗಟ್ಟಿ ರಟ್ಟಿನ, ಅಂಗಡಿಯವರು ಲೆಕ್ಕಕ್ಕೆ ಇಟ್ಟುಕೊಳ್ಳುವ ಸಾಮಾನ್ಯ ಪುಸ್ತಕ. ಅದರಲ್ಲಿ ಮನೆಗಳನ್ನು ಎಳೆದಿದ್ದೇವೆ: ಕ್ರಮಸಂಖ್ಯೆ, ವಸ್ತುವಿನ ಹೆಸರು, ಅದನ್ನು ಉಪಯೋಗಿಸುತ್ತಿದ್ದವರು ಯಾವ ಭಾಷೆಯಲ್ಲಿ ಏನೆಂದು ಕರೆಯುತ್ತಿದ್ದರೋ ಆ ಶಬ್ದದೊಡನೆ, ಯಾವುದರಿಂದ ಮಾಡಿದ್ದು, ಅಳತೆ ಎಷ್ಟು, ಮಾಡಿದವರು ಯಾರು, ಬಳಸಿದವರು ಯಾರು, ಕೊಟ್ಟವರು ಯಾರು, ಬಂದ ತಾರೀಖು, ಬಂದಾಗ ಹೇಗಿತ್ತು. ಕೊನೆಯ ಮನೆಯಲ್ಲಿ ಕೊಟ್ಟವರ ರುಜು ಅಥವಾ ಹೆಬ್ಬೆಟ್ಟು. ಪುಸ್ತಕದ ಕ್ರಮಸಂಖ್ಯೆಯನ್ನೇ ಬರೆದ ಬಟ್ಟೆಯ ಚೀಟಿಯೊಂದನ್ನು ವಸ್ತುವಿಗೆ ದಾರದಿಂದ ಕಟ್ಟುತ್ತೇವೆ, ಅಂಟು ಹಚ್ಚುವುದಿಲ್ಲ. ವಾರ್ನಿಷ್ ಡಬ್ಬಿಯನ್ನು ಆ ಕೊಠಡಿಯೊಳಗೆ ಬಿಡುವುದೇ ಇಲ್ಲ. ಒಣಗಿದ ಬ್ರಷ್ಷಿನಿಂದ ಧೂಳು ತೆಗೆಯುವುದು, ನೆಲದಿಂದ ಎತ್ತರದಲ್ಲಿ ಇಡುವುದು, ಮಳೆಗಾಲದಲ್ಲಿ ವಾರಕ್ಕೊಮ್ಮೆ ಗೆದ್ದಲು ನೋಡುವುದು, ಇಷ್ಟೇ ನಮ್ಮ ಸಂರಕ್ಷಣೆ. ಇದಕ್ಕೆ ಅನುದಾನ ಬೇಕಾಗಲಿಲ್ಲ. ಪುಸ್ತಕ ಬರೆಯುವವರು ಒಂಬತ್ತನೆಯ ತರಗತಿಯ ಮಕ್ಕಳು. ಅಜ್ಜಿಯರ ಬಾಯಿಂದ ಶಬ್ದ ಕೇಳಿ ಬರೆದುಕೊಳ್ಳುವಾಗ ಅವರಿಗೆ ಸಿಗುವ ಕನ್ನಡ, ತುಳು, ತಮಿಳುಗಳ ಪಾಠವನ್ನು ನಾನು ಕಪ್ಪುಹಲಗೆಯ ಮೇಲೆ ಕೊಡಲಾರೆ.

ಮೊದಲಿನ ಹನ್ನೊಂದು ಕುಕ್ಕೆಗಳನ್ನೂ ಪುಸ್ತಕಕ್ಕೆ ಏರಿಸಿದ್ದೇವೆ. ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ಕೇಳಿದ ಮೇಲೆ ಏಳಕ್ಕೆ ಹೆಸರು ಸಿಕ್ಕಿತು. ನಾಲ್ಕಕ್ಕೆ ಇನ್ನೂ ಇಲ್ಲ. ಆ ತಾಯಿಯ ಮೊಮ್ಮಗನೂ ಬಂದು ನೋಡಿ, ಈ ನಾಲ್ಕರಲ್ಲೊಂದು ಸರ್ ಎಂದ. ಯಾವುದೆಂದು ಅವನಿಗೂ ತಿಳಿಯಲಿಲ್ಲ. ಆ ನಾಲ್ಕರ ಎದುರಿಗೆ, ಹೆಸರು ತಿಳಿಯದು, ಅಧ್ಯಾಪಕನ ಅಲಕ್ಷ್ಯದಿಂದ ಕಳೆದುಹೋಯಿತು, ಎಂದು ನಾನೇ ಬರೆದು ರುಜು ಹಾಕಿದ್ದೇನೆ. ದಾಖಲೆ ಪುಸ್ತಕದಲ್ಲಿ ಸುಳ್ಳಿರಬಾರದು.

ಈ ಭಾಷಣವನ್ನು ಕೇಳುತ್ತಿರುವ ಪಟ್ಟಣದ ಗೃಹಸ್ಥರಲ್ಲಿ ಮಲೆನಾಡಿನ ಸಂಬಂಧವುಳ್ಳವರು ಅನೇಕರಿರಬಹುದು. ನಿಮ್ಮ ಅಟ್ಟದ ಮೇಲಿರುವುದನ್ನು ನಮಗೆ ಕೊಡಿ ಎಂದು ನಾನು ಕೇಳುವುದಿಲ್ಲ. ಅದು ಎಲ್ಲಿದೆಯೋ ಅಲ್ಲಿಯೇ ಇರಲಿ. ಈ ಭಾನುವಾರ ಮನೆಯ ಹಿರಿಯರನ್ನು ಹತ್ತಿರ ಕೂಡಿಸಿಕೊಂಡು, ಆ ವಸ್ತು ಯಾರದು, ಅದರ ಹೆಸರೇನು ಎಂದು ಕೇಳಿ, ಒಂದು ಚೀಟಿ ಬರೆದು ಕಟ್ಟಿ. ತೋಟದ ಒಡೆಯರಾದವರಲ್ಲಿ ಮತ್ತೊಂದು ವಿಶೇಷ ಪ್ರಾರ್ಥನೆ. ನಿಮ್ಮ ರೈಟರ ಕೋಣೆಯ ಬೀರುವಿನಲ್ಲಿ ಹಳೆಯ ಚೆಕ್‌ರೋಲುಗಳಿವೆ. ಲೆಕ್ಕವೆಲ್ಲ ಗಣಕಯಂತ್ರಕ್ಕೆ ಬಂದ ಮೇಲೆ ಅವು ರದ್ದಿಯವನ ತಕ್ಕಡಿಗೋ ಬೆಂಕಿಗೋ ಹೋಗುವುದನ್ನು ನಾನು ಕಂಡಿದ್ದೇನೆ. ಎಷ್ಟೋ ಮಂದಿ ಹೆಂಗಸರ ಹೆಸರು ಜೀವಮಾನದಲ್ಲಿ ಬರವಣಿಗೆಗೆ ಬಂದಿರುವುದು ಆ ಪುಸ್ತಕದಲ್ಲಿ ಮಾತ್ರ. ದಿನದಿನವೂ ಬಂದರೆಂಬ ಗುರುತು ಅಲ್ಲಿದೆ. ಹಾಜರಿ ಪುಸ್ತಕ ಸುಡಬಾರದೆಂದು ಮೇಷ್ಟ್ರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ನಾನು ನಿಮಗೆ ಹೇಳುತ್ತಿದ್ದೇನೆ.

ನಮ್ಮ ಕೊಠಡಿಗೆ ಇನ್ನೂ ಅನುದಾನ ಬಂದಿಲ್ಲ. ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ಸಂಘವನ್ನು ನೋಂದಾಯಿಸುವ ಸಿದ್ಧತೆಯಲ್ಲಿದ್ದಾರೆ. ಕ್ರಮಸಂಖ್ಯೆ ನೂರು ದಾಟಿದೆ. ಮುಂದೊಂದು ದಿನ ಮತ್ತೆ ಅರ್ಜಿ ಹಾಕುತ್ತೇವೆ. ಆಗ ಆ ಪ್ರಶ್ನೆಗಳ ಹಾಳೆ ಬಂದರೆ ನನಗೆ ಕೋಪ ಬರಲಾರದು. ಪುಸ್ತಕದ ಪ್ರತಿಯನ್ನು ಲಗತ್ತಿಸಿ ಕಳುಹಿಸುತ್ತೇವೆ. ಹಣ ಬಂದರೆ ಮೊದಲು ಮಾಡಿಗೆ ಹೆಂಚು, ಆಮೇಲೆ ಬೀರು. ಬಾರದಿದ್ದರೆ ಪುಸ್ತಕವಂತೂ ಇರುತ್ತದೆ. ಯಾರಾದರೂ ಹಿರಿಯರು ಸಂಜೆಯ ಹೊತ್ತು ಬಂದು ನಮ್ಮಮ್ಮನ ಕುಕ್ಕೆ ಎಲ್ಲಿ ಎಂದು ಕೇಳಿದರೆ, ಪುಟ ತಿರುವಿ, ಇದೋ ಇಲ್ಲಿದೆ ತಾಯಿ ಎಂದು ಕೈಗೆ ಕೊಡುವಷ್ಟಾದರೂ ನಮ್ಮಿಂದಾಗಬೇಕು.